ಭಾಷಣ ಸ್ಪರ್ಧೆಗೆ ತಯಾರಾಗುವುದು ಹೇಗೆ?



ಕ್ಲಸ್ಟರ್ ಮಟ್ಟದ ಸ್ಪರ್ಧೆಗಳು ಹತ್ತಿರ ಬಂದವು. ಭಾಷಣಕ್ಕೆ ಹೆಸರು ಕೊಡಿ ಅಂತ ಕನ್ನಡ ಮೇಷ್ಟ್ರು ಪ್ರಾರ್ಥನೆಯಲ್ಲಿ ಎರಡು ಸಲ ಹೇಳಿದರೂ ಎಂಟನೇ ಕ್ಲಾಸಿನಿಂದ ಒಬ್ಬರೂ ಕೈ ಎತ್ತಲಿಲ್ಲ. ಓಟಕ್ಕೆ, ಕಬಡ್ಡಿಗೆ, ಜನಪದ ಗೀತೆಗೆ ನಾ ಮುಂದು ತಾ ಮುಂದು ಅಂತ ಬರುವವರು ಭಾಷಣ ಅಂದ ತಕ್ಷಣ ನೆಲ ನೋಡುತ್ತಾರೆ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಎಂಟನೇ ಕ್ಲಾಸಿನಲ್ಲಿ ನಾನು ವೇದಿಕೆ ಮೇಲೆ ಮಾತು ಮರೆತು ಅಳುತ್ತಾ ಇಳಿದವಳು. ಒಂಬತ್ತನೇ ಕ್ಲಾಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕ್ಲಸ್ಟರಿಗೆ ಮೊದಲಿಗಳಾದೆ, ತಾಲ್ಲೂಕಿನಲ್ಲಿ ಎರಡನೇ ಬಹುಮಾನ ಬಂತು. ಈ ವರ್ಷ ನಾನು ಹತ್ತನೇ ತರಗತಿ, ಸ್ಪರ್ಧೆಗೆ ಹೋಗುತ್ತಿಲ್ಲ. ಆದ್ದರಿಂದ ಅಳು ಬಂದ ವರ್ಷಕ್ಕೂ ಬಹುಮಾನ ಬಂದ ವರ್ಷಕ್ಕೂ ನಡುವೆ ಏನೇನು ಮಾಡಿದೆ ಅನ್ನೋದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಯಾಕೆ ಮರೆತೆ?

ಆ ವರ್ಷ ಕೊಟ್ಟ ವಿಷಯ ಪರಿಸರ ಮಾಲಿನ್ಯ. ನಾನು ಒಂದು ಭಾಷಣಗಳ ಪುಸ್ತಕ ತಂದು, ಅದರಿಂದ ನಾಲ್ಕು ಪುಟ ಅಂದವಾಗಿ ಬರೆದುಕೊಂಡೆ. ಯಾಂತ್ರಿಕ ಯುಗ, ಪ್ರಕೃತಿ ಮಾತೆ, ಮಾನವನ ದುರಾಸೆ, ಎಲ್ಲಾ ದೊಡ್ಡ ದೊಡ್ಡ ಮಾತು. ಹದಿನೈದು ದಿನ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಮನೆಯಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ.

ಸ್ಪರ್ಧೆಯ ದಿನ ನನಗಿಂತ ಮುಂಚೆ ಮಾತಾಡಿದ ಇಬ್ಬರು ಅದೇ ಪುಸ್ತಕದ ಅದೇ ಸಾಲುಗಳನ್ನೇ ಹೇಳಿದರು! ನನ್ನ ಕೈಕಾಲು ಅಲ್ಲೇ ತಣ್ಣಗಾಯಿತು. ಆದರೂ ಹೋಗಿ ನಿಂತೆ. ಒಂದು ನಿಮಿಷ ಸರಾಗವಾಗಿ ಬಂತು. ಆಮೇಲೆ 'ಸಮತೋಲನ' ಅನ್ನೋ ಪದದ ಹತ್ತಿರ ನಿಂತೇ ಹೋಯಿತು. ಮುಂದಿನ ಪದ ಏನು? ಗೊತ್ತಿಲ್ಲ. ಆ ಪದ ಸಿಗದೆ ಅದರ ಮುಂದಿನದೂ ಸಿಗಲಿಲ್ಲ. ಬಾವಿ ಹಗ್ಗ ನಡುವೆ ಕಿತ್ತುಹೋದರೆ ಕೆಳಗಿನ ಬಿಂದಿಗೆ ನಮ್ಮದಲ್ಲ, ಹಾಗಾಯಿತು. ಯಾರೋ ಕಿಸಕ್ ಅಂತ ನಕ್ಕರು. ಅಷ್ಟೇ, ಅಳು ಬಂತು.

ನನಗೆ ಜ್ಞಾಪಕ ಶಕ್ತಿ ಕಮ್ಮಿ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಕನ್ನಡ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು: "ನಿನ್ನೆ ನಿಮ್ಮ ಹಸು ಕರು ಹಾಕ್ತು ಅಂತ ನನಗೆ ಹೇಳಿದೆಯಲ್ಲ, ಅದನ್ನ ಬಾಯಿಪಾಠ ಮಾಡಿದ್ಯಾ?" ಇಲ್ಲ. ಆದರೂ ಎಲ್ಲವನ್ನೂ ಸರಿಯಾಗಿ, ಬಿಡದೆ ಹೇಳಿದ್ದೆ, ಯಾಕಂದರೆ ಅದು ನಾನು ಕಣ್ಣಾರೆ ಕಂಡದ್ದು. ಪರಿಸರ ಮಾಲಿನ್ಯದ ನಾಲ್ಕು ಪುಟದಲ್ಲಿ ನಾನು ಕಂಡದ್ದು ಒಂದು ಸಾಲೂ ಇರಲಿಲ್ಲ.

ಗಾಂಧೀಜಿಯವರಿಗೂ ಹೀಗೇ ಆಗಿತ್ತು ಅಂತ ಮೇಷ್ಟ್ರು ಹೇಳಿದಾಗ ನಾನು ನಂಬಲಿಲ್ಲ. ಅವರ ಆತ್ಮಕಥೆಯನ್ನು ಶಾಲೆಯ ಗ್ರಂಥಾಲಯದಿಂದ ತಂದು ಓದಿದೆ. 1891ರಲ್ಲಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಬಂದ ಮೇಲೆ ಬೊಂಬಾಯಿಯ ಸಣ್ಣ ಕೋರ್ಟಿನಲ್ಲಿ ಅವರಿಗೆ ಮೊದಲ ಮೊಕದ್ದಮೆ ಸಿಕ್ಕಿತು. ಫೀಸು ಮೂವತ್ತು ರೂಪಾಯಿ. ಸಾಕ್ಷಿಯನ್ನು ಪ್ರಶ್ನೆ ಮಾಡಲು ಎದ್ದು ನಿಂತರೆ ತಲೆ ತಿರುಗಿದ ಹಾಗಾಗಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು. ದುಡ್ಡು ವಾಪಸ್ ಕೊಟ್ಟು ಹೊರಟರು. ಅದೇ ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆ ಸೇರಿಸಿ ವ್ಯಾಪಾರದಲ್ಲಿ ಸತ್ಯ ಇರಬೇಕು ಅಂತ ಮಾತಾಡಿದರು. ಅದು ತನ್ನ ಮೊದಲ ಸಾರ್ವಜನಿಕ ಭಾಷಣ ಅಂತ ಅವರೇ ಬರೆದಿದ್ದಾರೆ. ಎರಡೇ ವರ್ಷದಲ್ಲಿ ನಾಲಿಗೆ ಬದಲಾಗಿರಲಿಕ್ಕಿಲ್ಲ. ಅಲ್ಲಿಗೆ ಹೋದಾಗ ರೈಲಿನಿಂದ ನೂಕಿಸಿಕೊಂಡು, ಏಟು ತಿಂದು, ನಮ್ಮವರ ಪಾಡು ಕಣ್ಣಾರೆ ಕಂಡಿದ್ದರು. ಹೇಳಲೇಬೇಕಾದ ಮಾತು ಇತ್ತು, ವಿಷಯ ಸಿದ್ಧ ಮಾಡಿಕೊಂಡೇ ಹೋಗಿದ್ದರು.

ವಿಷಯವನ್ನು ಊರಿಗೆ ತನ್ನಿ

ಒಂಬತ್ತನೇ ಕ್ಲಾಸಿನಲ್ಲಿ ಕೊಟ್ಟ ವಿಷಯ ಜಲ ಸಂರಕ್ಷಣೆ. ವಿಷಯ ಯಾವಾಗಲೂ ಹೀಗೆ ಆಕಾಶದಷ್ಟು ಅಗಲ ಇರುತ್ತದೆ. ಅದನ್ನೆಲ್ಲಾ ಐದು ನಿಮಿಷದಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ನಾನು ನಮ್ಮೂರ ಕೆರೆ ಒಂದನ್ನೇ ಹಿಡಿದುಕೊಂಡೆ.

ನಮ್ಮ ತಾತ ಮೊದಲು ಕೆರೆಯ ನೀರಗಂಟಿ ಆಗಿದ್ದವರು. ಈಗಿನ ಮಕ್ಕಳಿಗೆ ಆ ಕೆಲಸವೇ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವತ್ತು ಎಷ್ಟು ನೀರು ಅಂತ ಸರದಿಯಂತೆ ಬಿಡುವವನು ನೀರಗಂಟಿ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ನಾನು ಮೂರು ದಿನ ಸಂಜೆ ತಾತನ ಜೊತೆ ಏರಿ ಮೇಲೆ ನಡೆದೆ. ಏರಿ ಈ ತುದಿಯಿಂದ ಆ ತುದಿಗೆ ನನ್ನ ಹೆಜ್ಜೆಯಲ್ಲಿ 612 ಹೆಜ್ಜೆ. ತೂಬಿನ ಕಲ್ಲುಕಂಬದ ಮೇಲೆ ಹಳೇ ನೀರಿನ ಗುರುತು ನನ್ನ ತಲೆಗಿಂತ ಮೇಲಿದೆ, ಈಗ ನೀರು ಮೊಣಕಾಲಿಗಿಂತ ಕೆಳಗೆ. ಕೋಡಿ ಕಡೇ ಸಲ ಯಾವಾಗ ಬಿತ್ತು ಅಂತ ಕೇಳಿದರೆ ತಾತ ವರ್ಷ ಹೇಳಲಿಲ್ಲ, "ನಿಮ್ಮಪ್ಪನ ಮದುವೆ ಆದ ವರ್ಷ" ಅಂದರು. ನಾನು ಭಾಷಣದಲ್ಲೂ ಹಾಗೇ ಹೇಳಿದೆ. ಸಭೆ ನಕ್ಕಿತು, ಆದರೆ ಮರೆಯಲಿಲ್ಲ.

"ಕೆರೆ ಯಾಕೆ ತುಂಬ್ತಾ ಇಲ್ಲ ತಾತ, ಮಳೆ ಕಮ್ಮಿ ಆಯ್ತಾ?" ಅಂದೆ.

"ಆಕಾಶ ನೋಡ್ಬ್ಯಾಡ ಮಗ, ಕಾಲುವೆ ನೋಡು" ಅಂದರು.

ಗುಡ್ಡದ ಕಡೆಯಿಂದ ಕೆರೆಗೆ ನೀರು ತರುವ ಕಾಲುವೆ ಉದ್ದಕ್ಕೂ ಕರೆದುಕೊಂಡು ಹೋದರು. ಜಾಲಿ ಬೆಳೆದು ಮುಚ್ಚಿದೆ. ಅಲ್ಲಲ್ಲಿ ಹೊಲದವರು ವರ್ಷಕ್ಕೊಂದು ಸಾಲಿನಷ್ಟು ಒಳಗೆ ಉತ್ತುಕೊಂಡು ಬಂದಿದ್ದಾರೆ. ಒಂದು ಕಡೆ ಕಾಲುವೆ ಎರಡು ಮಾರು ಅಗಲ, ಇನ್ನೊಂದು ಕಡೆ ಎಮ್ಮೆ ಹೋಗಲೂ ಜಾಗ ಇಲ್ಲ. ಹಾಗೆ ಕಿರಿದಾದ ಕಡೆ ಇದ್ದ ಹೊಲಗಳಲ್ಲಿ ಒಂದು ನಮ್ಮದು.

ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಕಂಡದ್ದರ ಜೊತೆ ಓದಿದ್ದೂ ಸ್ವಲ್ಪ ಬೇಕು. ಆದರೆ ಓದಿದ್ದರಲ್ಲೂ ಹೆಸರು, ಜಾಗ, ಲೆಕ್ಕ ಇರುವುದನ್ನು ಆರಿಸಿ. ನಾನು ಆರಿಸಿದ್ದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು. ಕುರಿ ಕಾಯುತ್ತಿದ್ದ ಅವರು ಗುಡ್ಡದಲ್ಲಿ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರಿಲ್ಲ ಅಂತ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದರು. 2020ರಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲಾ ಗೊತ್ತಾಯಿತು. 2022ರಲ್ಲಿ ಅವರು ತೀರಿಕೊಂಡರು. ಇಂಥ ಒಬ್ಬರ ಕಥೆ, ನೀರೇ ಜೀವಾಳ ಅಂತ ಹತ್ತು ಸಲ ಹೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನಿಮಗೆ ಗಿಡಮರದ ವಿಷಯ ಬಂದರೆ ಸಾಲುಮರದ ತಿಮ್ಮಕ್ಕನವರನ್ನು ಎಲ್ಲರೂ ಹೇಳೇ ಹೇಳುತ್ತಾರೆ. ಆದರೆ ವೃಕ್ಷಮಾತೆ ಅಂತ ಒಂದು ಮಾತು ಹೇಳಿ ಮುಂದಕ್ಕೆ ಓಡುತ್ತಾರೆ. ಹುಲಿಕಲ್ಲಿಗೂ ಕುದೂರಿಗೂ ನಡುವೆ ನಾಲ್ಕು ಕಿಲೋಮೀಟರಿನಷ್ಟು ದೂರ ಗಂಡ ಹೆಂಡತಿ ಇಬ್ಬರೂ ಆಲದ ಸಸಿಗಳಿಗೆ ನೀರು ಹೊತ್ತು ಹಾಕಿದರಲ್ಲ, ಆ ಬಿಂದಿಗೆಯ ಭಾರ ಕೇಳುವವರಿಗೆ ಗೊತ್ತಾಗಬೇಕು. ನೀವೂ ಒಂದು ದಿನ ಒಂದು ಬಿಂದಿಗೆ ಹೊತ್ತು ನಡೆದು ನೋಡಿ, ಆಮೇಲೆ ಭಾಷಣ ಬರೆಯಿರಿ.

ಎಷ್ಟು ಬರೆಯಬೇಕು?

ನಮಗೆ ಕೊಟ್ಟದ್ದು ಐದು ನಿಮಿಷ. ನಾಲ್ಕು ನಿಮಿಷಕ್ಕೆ ಒಂದು ಗಂಟೆ, ಐದಕ್ಕೆ ಎರಡು ಗಂಟೆ ಹೊಡೆಯುತ್ತಾರೆ. ಎರಡನೇ ಗಂಟೆ ಆದ ಮೇಲೂ ಮಾತಾಡಿದರೆ ಅಂಕ ಹೋಗುತ್ತದೆ. ನಾನು ಗಡಿಯಾರ ಇಟ್ಟು ನಿಧಾನವಾಗಿ ಓದಿ ನೋಡಿದಾಗ ನಿಮಿಷಕ್ಕೆ 85 ಪದ ಬಂತು. ಅಂದರೆ ಐದು ನಿಮಿಷಕ್ಕೆ 425. ಆದರೆ ನಡುವೆ ಉಸಿರು ತಗೊಳ್ಳಬೇಕು, ಸಭೆ ನಕ್ಕರೆ ನಿಲ್ಲಬೇಕು. ಆದ್ದರಿಂದ 380 ಪದಕ್ಕೆ ನಿಲ್ಲಿಸಿದೆ. ನಿಮ್ಮ ನಿಮ್ಮ ವೇಗ ನೀವೇ ಅಳೆದುಕೊಳ್ಳಿ.

ಕಮ್ಮಿ ಆಯಿತು ಅಂತ ಹೆದರಬೇಡಿ. ಅಮೆರಿಕದಲ್ಲಿ 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್ ಅನ್ನೋ ಊರಲ್ಲಿ, ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮಾರಂಭ ನಡೆಯಿತು. ಆ ಕಾಲದ ಹೆಸರುವಾಸಿ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು. ಅವರ ನಂತರ ಅಧ್ಯಕ್ಷ ಅಬ್ರಹಾಂ ಲಿಂಕನ್ ಸುಮಾರು 270 ಪದ ಮಾತಾಡಿ ಎರಡು ಮೂರು ನಿಮಿಷದಲ್ಲಿ ಮುಗಿಸಿದರು. ಲೋಕ ನೆನಪಿಟ್ಟಿರುವುದು ಲಿಂಕನ್ನರದನ್ನೇ. ತಾನು ಎರಡು ಗಂಟೆಯಲ್ಲಿ ಮುಟ್ಟಲಾಗದ್ದನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಅನ್ನೋ ಅರ್ಥದಲ್ಲಿ ಎವರೆಟ್ಟರೇ ಮಾರನೇ ದಿನ ಕಾಗದ ಬರೆದರಂತೆ.

ನಮ್ಮಲ್ಲಿ ಸಮಯ ಎಲ್ಲಿ ಹಾಳಾಗುತ್ತದೆ ಗೊತ್ತಾ? ಸಂಬೋಧನೆಯಲ್ಲಿ. ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ ಅಂತ ಶುರು ಮಾಡಿ ನಿರ್ಣಾಯಕರು, ಗುರುವೃಂದ, ಊರ ಹಿರಿಯರು, ಸಹಸ್ಪರ್ಧಿಗಳು ಅಂತ ಒಬ್ಬೊಬ್ಬರಿಗೂ ಒಂದೊಂದು ವಿಶೇಷಣ ಸೇರಿಸಿದರೆ ನಲವತ್ತು ಸೆಕೆಂಡ್ ಹೋಯಿತು. ಹಿರಿಯರಿಗೆ ಗೌರವ ಕೊಡಬೇಕು ನಿಜ. "ವೇದಿಕೆಯ ಮೇಲಿನ ಹಿರಿಯರಿಗೂ ನಿರ್ಣಾಯಕರಿಗೂ ನನ್ನ ನಮಸ್ಕಾರ, ಗೆಳೆಯರೇ" ಅಂದರೆ ಗೌರವ ಕಮ್ಮಿ ಆಗುವುದಿಲ್ಲ, ಎರಡೇ ಉಸಿರಲ್ಲಿ ಮುಗಿಯುತ್ತದೆ. ಗುರುಗಳು ತಪ್ಪು ತಿಳಿಯಬಾರದು, ಇದು ನನ್ನ ಅಭಿಪ್ರಾಯ.

ಗೂಟ ನೆಡುವುದು

ಇದೇ ಮುಖ್ಯವಾದ ಪಾಠ, ಮೇಷ್ಟ್ರು ಕಲಿಸಿಕೊಟ್ಟದ್ದು. ಭಾಷಣ ಪೂರ್ತಿ ಬಾಯಿಪಾಠ ಮಾಡಬೇಡಿ. ಮೊದಲ ಮೂರು ನಾಲ್ಕು ವಾಕ್ಯ ಮಾತ್ರ ಅಕ್ಷರ ಬಿಡದೆ ಕಲಿಯಿರಿ, ಯಾಕಂದರೆ ಹೆದರಿಕೆ ಜಾಸ್ತಿ ಇರುವುದು ಆಗಲೇ. ಕಡೆಯ ಎರಡು ವಾಕ್ಯವನ್ನೂ ಕಲಿಯಿರಿ, ಎರಡನೇ ಗಂಟೆಗೆ ಮುಂಚೆ ಮುಗಿಸಬೇಕಲ್ಲ. ನಡುವಿನದಕ್ಕೆ ಗೂಟ ನೆಟ್ಟರೆ ಸಾಕು. ಬೇಲಿ ಹಾಕುವಾಗ ಮೊದಲು ದೂರ ದೂರಕ್ಕೆ ಗೂಟ ಹೊಡೆದು ಆಮೇಲೆ ಮುಳ್ಳು ಹೆಣೆಯುತ್ತಾರಲ್ಲ, ಹಾಗೆ. ನನ್ನ ಗೂಟಗಳು ಐದು: ಹೆಜ್ಜೆ, ಕಂಬ, ಮದುವೆ, ಕಾಲುವೆ, ಕಾಮೇಗೌಡ. ಈ ಐದು ಪದ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದೊಂದು ಪದ ಕಂಡರೂ ಅದರ ಸುತ್ತ ನಾನು ನೋಡಿದ್ದೆಲ್ಲಾ ಕಣ್ಣಿಗೆ ಬರುತ್ತಿತ್ತು. ಪ್ರತಿ ಸಲ ಅಭ್ಯಾಸ ಮಾಡಿದಾಗಲೂ ವಾಕ್ಯ ಬೇರೆ ಬೇರೆ ಬಂತು. ಬರಲಿ.

ಇನ್ನು ಶುರುವಿಗೆ ಒಂದು ಮಾತು. ಎಲ್ಲರೂ ಯಾವುದಾದರೂ ವಚನದಿಂದಲೋ ಪದ್ಯದಿಂದಲೋ ಶುರು ಮಾಡುತ್ತಾರೆ. ವಿಷಯಕ್ಕೆ ಹೊಂದಿದರೆ ಚಂದ. ಹೊಂದದಿದ್ದರೆ ಊಟದೆಲೆಗೆ ಮೊದಲೇ ತಾಂಬೂಲ ಇಟ್ಟ ಹಾಗೆ. ನಾನು ಶುರು ಮಾಡಿದ್ದು "ನಮ್ಮೂರ ಕೆರೆ ಏರಿ ನನ್ನ ಹೆಜ್ಜೆಯಲ್ಲಿ ಆರುನೂರ ಹನ್ನೆರಡು ಹೆಜ್ಜೆ" ಅಂತ. ನಿರ್ಣಾಯಕರೊಬ್ಬರು ಬರೆಯುತ್ತಿದ್ದವರು ತಲೆ ಎತ್ತಿದರು.

ನಮ್ಮ ಹೊಲದ ವಿಷಯ

ಕಾಲುವೆ ಕಿರಿದಾದದ್ದನ್ನು ಹೇಳಬೇಕು ಅಂತ ಬರೆದಾಗ ಒಂದು ತೊಡಕು ಬಂತು. ಯಾರು ಕಿರಿದು ಮಾಡಿದರು ಅಂತ ಹೇಳುವುದಾ ಬೇಡವಾ? ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಊರ ಮುಂದೆ ಮನೆ ಮಾನ ಕಳೀತೀಯಾ?" ಅಂದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವ್ವ ಆ ಸಾಲು ತೆಗೆದುಬಿಡು ಅಂದಳು. ತಾತ ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡರು.

ಮೇಷ್ಟ್ರನ್ನು ಕೇಳಿದೆ. ಬೇರೆಯವರ ಹೆಸರು ಹೇಳುವ ಅಧಿಕಾರ ನಿನಗಿಲ್ಲ, ನಿಮ್ಮ ಹೊಲದ ವಿಷಯ ಹೇಳುವುದು ಬಿಡುವುದು ನೀನೂ ನಿಮ್ಮನೆಯವರೂ ಕೂತು ತೀರ್ಮಾನ ಮಾಡಿ ಅಂದರು. ನಾನು ಅಪ್ಪನ ಹತ್ತಿರ ಹೋಗಿ, "ತೆಗೀತೀನಿ ಅಪ್ಪ, ಆದರೆ ತೆಗೆದರೆ ಕೆರೆ ಯಾಕೆ ತುಂಬಲ್ಲ ಅಂತ ಹೇಳಕ್ಕೆ ಸುಳ್ಳು ಕಾರಣ ಹೇಳಬೇಕಾಗುತ್ತೆ" ಅಂದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಏನಾದರೂ ಹೇಳ್ಕೊ ಹೋಗು" ಅಂದರು. ಕೋಪದಲ್ಲಿ ಅಂದರೋ ಒಪ್ಪಿ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆ ಸಾಲು ಉಳಿಸಿಕೊಂಡೆ. 'ಕಾಲುವೆ ಕಿರಿದು ಮಾಡಿದವರಲ್ಲಿ ನಮ್ಮ ಮನೆಯವರೂ ಇದ್ದಾರೆ' ಅಂತ ಅಷ್ಟೇ. ಬೇರೆ ಯಾರ ಹೆಸರೂ ಇಲ್ಲ.

ನಾಲಿಗೆ ತಿದ್ದುವುದು

ನಮ್ಮ ಕಡೆಯವರಿಗೆ 'ಅ'ಕಾರ 'ಹ'ಕಾರ ದೊಡ್ಡ ಶತ್ರು. ಹಾಲು ಆಲು ಆಗುತ್ತದೆ, ಹೆದರಿಕೆಯಲ್ಲಿ ತಿದ್ದಲು ಹೋದರೆ ಆಸೀನರಾದ ಅನ್ನುವುದು ಹಾಸೀನರಾದ ಆಗುತ್ತದೆ. ಶಾಲೆ ಸಾಲೆ ಆಗುತ್ತದೆ. ಮಹಾಪ್ರಾಣ ಎಲ್ಲೋ ಹಾರಿಹೋಗುತ್ತದೆ. ಇದಕ್ಕೆ ಅಂಕ ಕಳೆಯುತ್ತಾರೆ. ನಿಮ್ಮ ಭಾಷಣದಲ್ಲಿ ಇಂಥ ಪದ ಎಷ್ಟಿವೆ ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ದಿನಾ ಐದು ಸಲ ಗಟ್ಟಿಯಾಗಿ ಹೇಳಿ. ಬಾರದೇ ಇದ್ದರೆ ಆ ಪದ ತೆಗೆದು ನಿಮಗೆ ಸಲೀಸಾದ ಪದ ಹಾಕಿ. ನಾನು 'ಸಂರಕ್ಷಣೆ' ಅನ್ನೋದನ್ನು ವಿಷಯದ ಹೆಸರಿನಲ್ಲಿ ಒಂದು ಸಲ ಹೇಳಿ, ಉಳಿದ ಕಡೆ 'ಉಳಿಸುವುದು' ಅಂದೆ. ತಾತನ ಮಾತನ್ನು ಮಾತ್ರ ತಾತ ಹೇಳಿದ ಹಾಗೇ ಹೇಳಿದೆ, ಅದನ್ನು ತಿದ್ದಿದರೆ ಅದು ತಾತನ ಮಾತೇ ಅಲ್ಲ.

ಅಭ್ಯಾಸ ಮೊದಲು ಕೊಟ್ಟಿಗೆಯಲ್ಲಿ ಮಾಡಿದೆ, ಹಸು ನಗುವುದಿಲ್ಲ. ಆಮೇಲೆ ಅಜ್ಜಿಯ ಮುಂದೆ. ಅಜ್ಜಿಗೆ ಕಿವಿ ಮಂದ, ಆದ್ದರಿಂದ ದನಿ ಜೋರಾಯಿತು. ಆಮೇಲೆ ನಮ್ಮ ಕ್ಲಾಸಿನ ಮುಂದೆ, ಅದೇ ಎಲ್ಲಕ್ಕಿಂತ ಕಷ್ಟ. ಅಪ್ಪನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ನಾನು 'ಆಮೇಲೆ' ಅನ್ನೋ ಪದ ಹದಿನಾಲ್ಕು ಸಲ ಹೇಳಿದ್ದೆ! (ಈ ಲೇಖನದಲ್ಲೂ ಬಂದಿದೆ, ಎಣಿಸಬೇಡಿ.)

ಸ್ಪರ್ಧೆಯ ದಿನ

ಬೆಳಿಗ್ಗೆ ಹೊಟ್ಟೆ ಬಿರಿಯ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಚೀಟಿ ಎತ್ತಿ ಸರದಿ ಕೊಡುತ್ತಾರೆ, ಮೊದಲನೇ ನಂಬರ್ ಬಂದರೆ ಅಳಬೇಡಿ, ಬೇಗ ಮುಗಿಯಿತು ಅಂದುಕೊಳ್ಳಿ. ಕಾಯುವಾಗ ಪಕ್ಕದ ಶಾಲೆಯವರ ಭಾಷಣ ಕೇಳಿ, ನಿಮ್ಮ ಕಾಗದ ನೋಡುತ್ತಾ ಕೂರಬೇಡಿ.

ಮೈಕ್ ಎತ್ತರ ನಿಮಗಿಂತ ಹೆಚ್ಚಿದ್ದರೆ ನಾಚಿಕೆ ಇಲ್ಲದೆ ಇಳಿಸಿಕೊಳ್ಳಿ ಅಥವಾ ಮೇಷ್ಟ್ರನ್ನು ಕರೆಯಿರಿ. ಅದನ್ನು ಬೆರಳಿನಿಂದ ಟಪ್ ಟಪ್ ಅಂತ ಬಡಿಯಬೇಡಿ, ಹಲೋ ಹಲೋ ಅನ್ನಬೇಡಿ. ಬಾಯಿಗೂ ಮೈಕಿಗೂ ಅರ್ಧ ಗೇಣು ಇರಲಿ, ಕರೆಂಟ್ ಹೋದರೆ ನಿಲ್ಲಿಸದೆ ದನಿ ಎತ್ತರಿಸಿ. ಕೈ ಹಿಂದಕ್ಕೆ ಕಟ್ಟಬೇಡಿ, ಲಂಗ ಅಥವಾ ಅಂಗಿ ತುದಿ ಹಿಸುಕಬೇಡಿ. ನೋಡುವುದು ಎಲ್ಲಿ ಅಂದರೆ, ನಗುವ ಸ್ನೇಹಿತರನ್ನಲ್ಲ. ಹಿಂದಿನ ಸಾಲಿನಲ್ಲಿ ಯಾರಾದರೂ ಕಿವಿಗೊಟ್ಟು ಕೇಳುತ್ತಿರುತ್ತಾರೆ, ಅವರಿಗೇ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಮರೆತರೆ? ನಾನು ಎರಡನೇ ವರ್ಷವೂ ಮರೆತೆ. ಹೌದು! ತಾಲ್ಲೂಕಿನಲ್ಲಿ 'ಮದುವೆ' ಗೂಟ ಪೂರಾ ಬಿಟ್ಟುಹೋಯಿತು. ಒಂದು ಉಸಿರು ಎಳೆದುಕೊಂಡು, ಈಗಷ್ಟೇ ಹೇಳಿದ ಮಾತನ್ನೇ ಇನ್ನೊಂದು ಸಲ ಹೇಳಿ, ಸಿಕ್ಕಿದ ಮುಂದಿನ ಗೂಟ ಹಿಡಿದೆ. ಯಾರಿಗೂ ತಿಳಿಯಲಿಲ್ಲ, ಯಾಕಂದರೆ ನನ್ನ ಚೀಟಿ ನನ್ನ ಹತ್ತಿರ ಮಾತ್ರ ಇತ್ತು. ಮೂರು ಸೆಕೆಂಡ್ ಸುಮ್ಮನೆ ನಿಂತರೆ ನಮಗೆ ಮೂರು ನಿಮಿಷ ಅನ್ನಿಸುತ್ತದೆ, ಕೇಳುವವರಿಗೆ ಅವಳು ಯೋಚನೆ ಮಾಡಿ ಮಾತಾಡುತ್ತಿದ್ದಾಳೆ ಅನ್ನಿಸುತ್ತದೆ.

ಆದರೆ ಆ ಬಿಟ್ಟುಹೋದ ಗೂಟದಿಂದಲೇ ಮೊದಲ ಬಹುಮಾನ ತಪ್ಪಿತೇನೋ ಅಂತ ನನಗೆ ಅನುಮಾನ ಇದೆ. ಮೊದಲ ಬಹುಮಾನ ಬಂದ ಹುಡುಗ ತನ್ನ ತಾಯಿ ಟ್ಯಾಂಕರ್ ನೀರಿಗೆ ರಾತ್ರಿ ಎದ್ದು ಕಾಯುವುದನ್ನು ಹೇಳಿದ. ಕೇಳಿ ನನಗೂ ಕಣ್ಣು ಒದ್ದೆ ಆಯಿತು. ಅವನಿಗೆ ಕೊಟ್ಟದ್ದು ಸರಿ.

ಇಳಿದು ಬಂದ ಮೇಲೆ ನಿರ್ಣಾಯಕರೊಬ್ಬರು ಕರೆದು, "ನಿಮ್ಮ ಹೊಲದ ವಿಷಯ ನಿಜಾನಾ, ಭಾಷಣಕ್ಕೆ ಅಂತ ಸೇರಿಸಿದ್ದಾ?" ಅಂದರು. ನಿಜ ಸಾರ್ ಅಂದೆ.

ಜನವರಿ 26ರಂದು ನಮ್ಮ ಶಾಲೆಯಲ್ಲೇ ಅದನ್ನು ಇನ್ನೊಂದು ಸಲ ಹೇಳಿಸಿದರು. ಅಪ್ಪ ಬರಲ್ಲ ಅಂದಿದ್ದರು, ಆದರೆ ಗೇಟಿನ ಹತ್ತಿರ ನಿಂತಿದ್ದನ್ನು ನಾನು ನೋಡಿದೆ. ಮನೆಯಲ್ಲಿ ಆ ಮಾತು ಬರಲಿಲ್ಲ. ಬದು ಇನ್ನೂ ಅಲ್ಲೇ ಇದೆ. ಈ ಸಲ ಮುಂಗಾರಿಗೆ ಉಳುವಾಗ ಮಾತ್ರ ಅಪ್ಪ ಕಾಲುವೆ ಕಡೆ ಎರಡು ಸಾಲು ಬಿಟ್ಟು ಉತ್ತರು.

ಎಂಟು, ಒಂಬತ್ತನೇ ಕ್ಲಾಸಿನವರು ಶನಿವಾರದ ಒಳಗೆ ಕನ್ನಡ ಮೇಷ್ಟ್ರಿಗೆ ಹೆಸರು ಕೊಡಿ. ಅಭ್ಯಾಸಕ್ಕೆ ಕೇಳುವವರು ಬೇಕಾದರೆ ಸಂಜೆ ಬೆಲ್ ಆದ ಮೇಲೆ ಬೇವಿನ ಮರದ ಹತ್ತಿರ ಬನ್ನಿ, ನಾನೂ ನನ್ನ ಗೆಳತಿಯರೂ ಕೂತಿರುತ್ತೇವೆ. ನಗುವುದಿಲ್ಲ. ನನ್ನ ಐದು ಗೂಟದ ಚೀಟಿ ಕಂಪಾಸ್ ಬಾಕ್ಸಿನಲ್ಲಿ ಇನ್ನೂ ಇದೆ, ಬೇಕಾದವರು ನೋಡಬಹುದು.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ